ವಂಶಾವಳಿ ಮತ್ತು ಅಪರಾಧಿ ವಹಿ: ಪುಣೆಯ ದಫ್ತರದಿಂದ ಹಲಗಲಿಯ ಲಾವಣಿಯವರೆಗೆ

ಇಂಗ್ಲೆಂಡಿನಲ್ಲಿ ಕುಟುಂಬ ಚರಿತ್ರೆಯನ್ನು ಬರೆಯಹೊರಟವರು ಹತ್ತೊಂಬತ್ತನೆಯ ಶತಮಾನದ ಅಪರಾಧಿ ಪೂರ್ವಜನೊಬ್ಬನನ್ನು ಹುಡುಕಿಕೊಂಡು ಹೋಗುವುದು ಈಗ ವಿರಳವಾದ ಸಂಗತಿಯಲ್ಲ. ಮುತ್ತಜ್ಜನ ತಂದೆ ಕುರಿಯನ್ನೋ ಬಟ್ಟೆಯ ತುಂಡನ್ನೋ ಕದ್ದು ಸಮುದ್ರದಾಚೆಗೆ ಸಾಗಿಸಲ್ಪಟ್ಟಿದ್ದಿರಬಹುದು ಎಂಬ ಗುಮಾನಿ ಹುಟ್ಟಿದೊಡನೆ ಅವರು ದಾಖಲೆಗಳ ಕಡೆಗೆ ತಿರುಗುತ್ತಾರೆ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣೆಗಳ ಮುದ್ರಿತ ವರದಿಗಳು 1674ರಿಂದ 1913ರವರೆಗೆ ದೊರೆಯುತ್ತವೆ. ಗೃಹಖಾತೆಯು ಜಿಲ್ಲಾವಾರು ಬರೆಯಿಸಿದ ಅಪರಾಧ ವಹಿಗಳಿವೆ, ಹಡಗಿನ ಯಾದಿಗಳಿವೆ, ಊರಿನ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಮರಣಗಳ ಪುಸ್ತಕಗಳಿವೆ. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸಾಗಿಸಲ್ಪಟ್ಟ ಕೈದಿಗಳ ಸಂಖ್ಯೆ 1,60,000ವನ್ನು ಮೀರುತ್ತದೆ. ಅವರ ಸಂತತಿಯವರು ಬಹುಕಾಲ ಈ ಸಂಗತಿಯನ್ನು ಕಳಂಕವೆಂದು ಬಗೆದು ಮುಚ್ಚಿಟ್ಟರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದೇ ಸಂಗತಿ ಅಭಿಮಾನದ ವಿಷಯವಾಯಿತು. ಮನೆತನದಲ್ಲಿ ಗಡೀಪಾರಾದವನೊಬ್ಬನಿದ್ದರೆ ಚರಿತ್ರೆಗೆ ಒಂದು ರುಚಿಯೇ ಬಂದಂತೆ ಎಂಬ ಭಾವನೆ ಅಲ್ಲಿ ಬೆಳೆದಿದೆ.

ಈ ಶೋಧದಲ್ಲಿ 'ಸಂಭಾವ್ಯ' ಎಂಬ ವಿಶೇಷಣಕ್ಕೆ ದೊಡ್ಡ ಬೆಲೆಯಿದೆ. ವಹಿಯಲ್ಲಿ ಕಂಡ ಹೆಸರು ತಮ್ಮ ಪೂರ್ವಜನದೇ ಎಂದು ತೀರ್ಮಾನಿಸುವ ಮೊದಲು ವಯಸ್ಸು, ಕಸುಬು, ಹುಟ್ಟೂರು, ಹೆಂಡತಿಯ ಹೆಸರು ಇವೆಲ್ಲ ತಾಳೆಯಾಗಬೇಕು. ಒಂದೇ ಹೆಸರಿನ ಹತ್ತು ಮಂದಿ ಒಂದೇ ಜಿಲ್ಲೆಯಲ್ಲಿರುವ ದೇಶದಲ್ಲಿ ಈ ಎಚ್ಚರ ಸಹಜವಾದದ್ದು. ತಾಳೆ ಬೀಳುವವರೆಗೆ ಆತ ಸಂಭಾವ್ಯ ಅಪರಾಧಿ ಮಾತ್ರ. ತಾಳೆಯಾದ ಮೇಲೆ ದೊರೆಯುವುದಾದರೂ ಏನು? ಇಂಥ ದಿನ, ಇಂಥ ಅಂಗಡಿಯಲ್ಲಿ, ಇಂಥ ವಸ್ತುವನ್ನು ಕದ್ದ, ಇಂಥವರು ಸಾಕ್ಷಿ ನುಡಿದರು, ಆತ ಹೀಗೆ ಉತ್ತರಿಸಿದ, ಇಷ್ಟು ವರ್ಷ ಶಿಕ್ಷೆಯಾಯಿತು ಎಂಬ ವಿವರ. ಅಂದರೆ ಅಪರಾಧಿಯ ಜೊತೆಗೆ ಅವನ ಅಪರಾಧವೂ ದೊರೆಯುತ್ತದೆ. ಮೇಲ್ನೋಟಕ್ಕೆ ಇದು ಹೇಳಬೇಕಾದ ಮಾತೇ ಅಲ್ಲವೆನಿಸಬಹುದು. ಆದರೆ ಇದೇ ಶೋಧವನ್ನು ಪುಣೆಯಿಂದ ಆರಂಭಿಸಿದರೆ ಇದು ಎಷ್ಟು ದೊಡ್ಡ ಸವಲತ್ತು ಎಂಬುದು ಅರಿವಿಗೆ ಬರುತ್ತದೆ.

ಪುಣೆಯಲ್ಲಿ ವಂಶಶೋಧಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಪೇಶ್ವೆ ದಫ್ತರದ ರುಮಾಲುಗಳಲ್ಲಿ ಇನಾಮು, ವತನ, ದೇಶಮುಖಿ, ಕುಲಕರ್ಣಿಕೆಗಳ ಕಾಗದಗಳು ಕಟ್ಟುಕಟ್ಟಾಗಿ ಉಳಿದಿವೆ. ಅವುಗಳಿಂದ ಆಯ್ದ ಪತ್ರಗಳನ್ನು ಗೋ. ಸ. ಸರದೇಸಾಯಿಯವರು 1930ರ ದಶಕದ ಆರಂಭದಲ್ಲಿ 45 ಸಂಪುಟಗಳಾಗಿ ಪ್ರಕಟಿಸಿದರು. ಮರಾಠಿಯಲ್ಲಿ 'ಕುಲವೃತ್ತಾಂತ' ಎಂಬ ಒಂದು ಗ್ರಂಥಪ್ರಕಾರವೇ ಇದೆ. ಒಂದು ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಮಕ್ಕಳವರೆಗೆ ಶಾಖೆ ಶಾಖೆಯಾಗಿ ವಿವರಿಸುವ ಈ ಗ್ರಂಥಗಳಿಗೆ ದಾನಪತ್ರ, ವತನಪತ್ರಗಳೇ ಆಧಾರ. ನಮ್ಮ ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನು ಹೆಳವರು ಮಾಡಿಕೊಂಡು ಬಂದವರು. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ವಂಶದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಕಾಳುಕಡಿ ಪಡೆದು ಹೋಗುವ ಪದ್ಧತಿ ಅದು. ಕುಲವೃತ್ತಾಂತವಾಗಲಿ ಹೆಳವರ ಹೇಳಿಕೆಯಾಗಲಿ ಪೂರ್ವಜನನ್ನು ಅವನು ಪಡೆದ ಮನ್ನಣೆಯಿಂದ ಗುರುತಿಸುತ್ತವೆ. ಕಾಳು ಕೊಡುವ ಮನೆಯೆದುರು ನಿಂತು ಆ ಮನೆಯ ಕಳ್ಳನ ಪ್ರಸಂಗವನ್ನು ಹೇಳುವ ಹೆಳವನನ್ನು ನಾವು ನಿರೀಕ್ಷಿಸುವಂತಿಲ್ಲ. ಹೀಗಾಗಿ ಈ ನೆಲದಲ್ಲಿ ಅಪರಾಧಿ ಪೂರ್ವಜನನ್ನು ಹುಡುಕಬೇಕಾದವರು ವಂಶಾವಳಿಯನ್ನು ಬಿಟ್ಟು ಪೊಲೀಸರ ಪಠ್ಯಗಳಿಗೆ ಹೋಗಬೇಕಾಗುತ್ತದೆ. ಆ ಪಠ್ಯಗಳನ್ನು ಓದುವ ಕ್ರಮವೇ ಪ್ರಸ್ತುತ ಲೇಖನದ ವಿಷಯ.

ಅವುಗಳಲ್ಲಿ ಆರಂಭದ್ದೂ ಮಹತ್ವದ್ದೂ ಆದ ಒಂದು ಪುಸ್ತಕ ಕ್ಯಾಪ್ಟನ್ ಅಲೆಕ್ಸಾಂಡರ್ ಮ್ಯಾಕಿಂಟಾಶನು ರಾಮೋಶಿಗಳನ್ನು ಕುರಿತು 1833ರಲ್ಲಿ ಪ್ರಕಟಿಸಿದ ವೃತ್ತಾಂತ. ಪುರಂದರ ಕೋಟೆಯ ಕಾವಲು ರಾಮೋಶಿಗಳ ವಂಶಪಾರಂಪರ್ಯದ ಹಕ್ಕಾಗಿತ್ತು. ಹಳ್ಳಿಗಳ ರಖವಾಲಿಯೂ ಅವರದೇ. ಪೇಶ್ವೆ ಆಳ್ವಿಕೆ ಮುಗಿದು ಕಂಪನಿ ಸರ್ಕಾರ ಬಂದ ಮೇಲೆ ಈ ಹಕ್ಕುಗಳು ಕುಸಿದವು. ಪುರಂದರದ ಬಳಿಯ ಭಿವಡಿಯ ಉಮಾಜಿ ನಾಯಿಕನ ದಂಗೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ನಡುವೆ ಸರ್ಕಾರವೇ ಅವನಿಗೆ ಕ್ಷಮಾದಾನ ನೀಡಿ ಕಾವಲಿನ ಕೆಲಸಕ್ಕೆ ನೇಮಿಸಿಕೊಂಡಿತ್ತೆಂಬುದನ್ನು ಮರೆಯಲಾಗದು. ಕೊನೆಗೆ 1832ರ ಫೆಬ್ರವರಿ 3ರಂದು ಅವನನ್ನು ಪುಣೆಯಲ್ಲಿ ಗಲ್ಲಿಗೇರಿಸಲಾಯಿತು. ಅವನನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ತೊಡಗಿದ್ದ ಅಧಿಕಾರಿಯೇ ಮುಂದಿನ ವರ್ಷ ಈ ಪುಸ್ತಕವನ್ನು ಪ್ರಕಟಿಸಿದನು.

ಮ್ಯಾಕಿಂಟಾಶನ ಪುಸ್ತಕದ ರಚನೆಯನ್ನು ಗಮನಿಸಬೇಕು. ಶೀರ್ಷಿಕೆ ಹೇಳುವುದು ಒಂದು ಕುಲದ ಮೂಲ ಮತ್ತು ಸದ್ಯದ ಸ್ಥಿತಿಯನ್ನು. ಅದರೊಳಗೆ ಅಡಕವಾಗಿರುವುದು ಒಬ್ಬ ವ್ಯಕ್ತಿಯ ಜೀವನಚರಿತ್ರೆ. ಉಮಾಜಿಗೆ ಹೆಸರಿದೆ, ಊರಿದೆ, ದೂರುಗಳಿವೆ, ಅವನು ಹೂಡಿದ ಉಪಾಯಗಳಿವೆ. ಲೇಖಕನಿಗೆ ಅವನ ಬಗೆಗೆ ಒಂದು ಬಗೆಯ ಮೆಚ್ಚುಗೆಯೂ ಇದ್ದಂತೆ ತೋರುತ್ತದೆ. ಆದರೂ ಈ ವ್ಯಕ್ತಿವೃತ್ತಾಂತವು ಕುಲವೃತ್ತಾಂತದ ಒಂದು ಅಧ್ಯಾಯವಾದ್ದರಿಂದ ಉಮಾಜಿಯ ಕೃತ್ಯ ರಾಮೋಶಿತನದ ಲಕ್ಷಣವಾಗಿ ಪರಿವರ್ತನೆ ಹೊಂದುತ್ತದೆ. ಮರಾಠಿಯ ಮನೆತನಗಳು ವತನಪತ್ರದಿಂದ ಕುಲವೃತ್ತಾಂತವನ್ನು ಕಟ್ಟಿಕೊಂಡವು. ರಾಮೋಶಿಗಳ ಕುಲವೃತ್ತಾಂತವನ್ನು ಅವರ ನಾಯಕನ ಬೆನ್ನುಹತ್ತಿದವನು ಬರೆದನು. ಎರಡೂ ಒಂದೇ ಜಿಲ್ಲೆಯವು.

ಇಲ್ಲಿಂದ ಮುಂದಿನ ಹೆಜ್ಜೆ 1871ರದು. ಆ ವರ್ಷ ಇಂಗ್ಲೆಂಡಿನಲ್ಲಿ ಅಪರಾಧ ನಿವಾರಣಾ ಕಾಯ್ದೆ ಜಾರಿಗೆ ಬಂದಿತು. ಶಿಕ್ಷೆಗೊಳಗಾದವರ ವಹಿಯನ್ನು ಇಡುವುದು, ಅವರ ಭಾವಚಿತ್ರ ತೆಗೆಯುವುದು ಅದರ ಮುಖ್ಯ ಅಂಶಗಳು. ಅದೇ ವರ್ಷ ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದಿತು. ಪುಣೆಯ ಯರವಡಾ ಕಾರಾಗೃಹದ ನಿರ್ಮಾಣವೂ ಆ ವರ್ಷದ್ದೇ. ಈ ಮೂರನೆಯ ಹೊಂದಿಕೆ ಕೇವಲ ಕಾಕತಾಳೀಯವಾದುದರಿಂದ ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಕಾಗಿಲ್ಲ. ಮೊದಲೆರಡು ಮಾತ್ರ ಜೊತೆಯಾಗಿಟ್ಟು ಓದಬೇಕಾದವು. ಇಂಗ್ಲೆಂಡಿನ ವಹಿಯನ್ನು ಸೇರಲು ಒಬ್ಬನು ಮೊದಲು ಅಪರಾಧ ಮಾಡಿ, ವಿಚಾರಣೆಗೆ ಒಳಗಾಗಿ, ಶಿಕ್ಷೆ ಹೊಂದಬೇಕಾಗಿತ್ತು. ಭಾರತದ ವಹಿಯನ್ನು ಸೇರಲು ಹುಟ್ಟಿದರೆ ಸಾಕಾಗಿತ್ತು. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ ಆಗುವ ದೇಶದಲ್ಲಿ ಕಳ್ಳನ ಮಗ ಕಳ್ಳನಾಗಲೇಬೇಕು ಎಂಬ ವಾದವನ್ನು ಮಸೂದೆಯ ಪರವಾಗಿ ಮಂಡಿಸಲಾಗಿತ್ತು. ಸರ್ಕಾರ ಹೊರಡಿಸಿದ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ಅಧಿಸೂಚನೆಯೇ ನಿರ್ಣಾಯಕ ಪುರಾವೆ ಎಂದು ಕಾಯ್ದೆ ವಿಧಿಸಿತು. ಇಂಗ್ಲಿಷ್ ವಂಶಶೋಧಕನು ಇಂದಿಗೂ ಎಚ್ಚರದಿಂದ ಬಳಸುವ 'ಸಂಭಾವ್ಯ' ಎಂಬ ಪದಕ್ಕೆ ಈ ಕಾನೂನಿನಲ್ಲಿ ಸ್ಥಳವೇ ಇಲ್ಲ.

ಮೊದಲು ಉತ್ತರದ ಪ್ರಾಂತ್ಯಗಳಿಗೆ ಅನ್ವಯಿಸಿದ ಈ ಕಾಯ್ದೆ 1911ರ ತಿದ್ದುಪಡಿಯ ರೂಪದಲ್ಲಿ ಮುಂಬಯಿ ಇಲಾಖೆಗೂ ಬಂದಿತು. 1924ರಲ್ಲಿ ಮತ್ತೊಮ್ಮೆ ಕ್ರೋಡೀಕರಣಗೊಂಡಿತು. ಹೆಸರಿನ ಎದುರು ಬೆರಳಚ್ಚು, ಪೊಲೀಸ್ ಪಾಟೀಲನ ಮುಂದೆ ಹಾಜರಿ, ಊರು ಬಿಡಲು ಪರವಾನಗಿ, ಇವು ನೋಂದಾಯಿತರ ದಿನಚರಿಯಾದವು. ಈ ವ್ಯವಸ್ಥೆಗೆ ಬೇಕಾದ ತಿಳಿವಳಿಕೆಯನ್ನು ಮೊದಲೇ ಒದಗಿಸಿದ್ದ ಪುಸ್ತಕ ಮುಂಬಯಿ ಇಲಾಖೆಯ ಪೊಲೀಸ್ ಅಧಿಕಾರಿ ಮೈಕೆಲ್ ಕೆನೆಡಿಯ 1908ರ ಟಿಪ್ಪಣಿ. ಕೈಕಾಡಿ, ಬೇರಡ, ಭಾಮ್ಟಾ, ಪಾರ್ಧಿ, ರಾಮೋಶಿ ಎಂದು ಜಾತಿವಾರು ಅಧ್ಯಾಯಗಳು. ಪ್ರತಿ ಅಧ್ಯಾಯದಲ್ಲಿ ಚಹರೆ, ಉಡುಪು, ಮಾತು, ವೇಷ, ಅಪರಾಧದ ರೀತಿ, ಕದ್ದ ಮಾಲಿನ ವಿಲೇವಾರಿ ಎಂಬ ಕ್ರಮ. ಮ್ಯಾಕಿಂಟಾಶನಲ್ಲಿದ್ದ ಉಮಾಜಿಯಂಥ ಮನುಷ್ಯ ಇಲ್ಲಿಲ್ಲ. ಕ್ರಿಯಾಪದಗಳಿಗೆಲ್ಲ ಕರ್ತೃವಾಗಿ ನಿಲ್ಲುವುದು ಜಾತಿ. ಕೈಕಾಡಿಗಳು ಹೀಗೆ ಕನ್ನ ಹಾಕುತ್ತಾರೆ, ಭಾಮ್ಟಾಗಳು ಹೀಗೆ ಗಂಟು ಎತ್ತುತ್ತಾರೆ ಎಂಬ ಈ ನಿತ್ಯ ವರ್ತಮಾನಕಾಲದ ವಾಕ್ಯರಚನೆಯನ್ನು ನಾವು ವ್ಯಾಕರಣದ ಸಂಗತಿಯೆಂದು ಬಿಟ್ಟುಬಿಡಲಾಗದು. ಯಾರು, ಎಂದು, ಯಾರ ಮನೆಗೆ ಎಂಬ ಪ್ರಶ್ನೆಗಳನ್ನು ಆ ವಾಕ್ಯ ಕೇಳಗೊಡುವುದಿಲ್ಲ. ತನ್ನ ಮುತ್ತಜ್ಜನನ್ನು ಹುಡುಕುತ್ತ ಇಂಥ ಪುಸ್ತಕಕ್ಕೆ ಬರುವ ಕೈಕಾಡಿ ತರುಣನಿಗೆ ಅಪರಾಧ ಹೇರಳವಾಗಿ ದೊರೆಯುತ್ತದೆ, ಅಪರಾಧಿ ದೊರೆಯುವುದಿಲ್ಲ. ಅವನು ನೋಂದಣಿ ವಹಿಗೆ ಹೋದರೆ ಪರಿಸ್ಥಿತಿ ತಿರುವುಮುರುವಾಗುತ್ತದೆ: ಮುತ್ತಜ್ಜನ ಹೆಸರು, ಬೆರಳ ಗುರುತು ಇರುತ್ತವೆ, ಆತ ಮಾಡಿದ್ದೇನೆಂಬುದನ್ನು ಬರೆಯಬೇಕೆಂದು ಕಾಯ್ದೆ ಕೇಳಿಯೇ ಇಲ್ಲ.

ಸಂದೇಹವು ಜಾತಿಯ ಮೇಲೆ ಬೀಳುವುದು ಆ ಕಾಲದ ಆಡಳಿತದ ಸಾಮಾನ್ಯ ರೂಢಿ, ಇದರಲ್ಲಿ ವಿಶೇಷವೇನು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಪುಣೆಯೇ ಉತ್ತರ ಕೊಡುತ್ತದೆ. 1897ರ ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತು. ದಾಮೋದರ ಚಾಪೇಕರನನ್ನು 1898ರ ಏಪ್ರಿಲ್‌ನಲ್ಲಿ, ಅವನ ತಮ್ಮಂದಿರಾದ ವಾಸುದೇವ ಮತ್ತು ಬಾಳಕೃಷ್ಣರನ್ನು 1899ರ ಮೇ ತಿಂಗಳಲ್ಲಿ ಯರವಡಾದಲ್ಲಿ ಗಲ್ಲಿಗೇರಿಸಲಾಯಿತು. ಸರ್ಕಾರಕ್ಕೆ ಚಿತ್ಪಾವನ ಬ್ರಾಹ್ಮಣರ ಮೇಲೆ ಜಾತಿಯಾಗಿಯೇ ಸಂದೇಹವಿತ್ತು. 1918ರ ರೌಲಟ್ ಸಮಿತಿಯ ವರದಿ ಅದನ್ನು ಬಾಯಿಬಿಟ್ಟು ಹೇಳುತ್ತದೆ. ಆದರೂ ಚಿತ್ಪಾವನರ ಮಕ್ಕಳನ್ನು ಹುಟ್ಟಿನಿಂದಲೇ ವಹಿಗೆ ಸೇರಿಸಬೇಕೆಂದು ಯಾರೂ ಸೂಚಿಸಲಿಲ್ಲ. ಒಂದು ಜಾತಿಯ ಮೇಲಿನ ಸಂದೇಹ ವರದಿಯ ಅಭಿಪ್ರಾಯವಾಗಿ ನಿಂತಿತು, ಇನ್ನೊಂದರ ಮೇಲಿನದು ಕಾನೂನಾಯಿತು. ಚಾಪೇಕರರ ವಿಚಾರಣೆ ನಡೆಯಿತು, ದಾಮೋದರನು ಸೆರೆಯಲ್ಲಿದ್ದಾಗ ಬರೆದ ಆತ್ಮವೃತ್ತಾಂತ ಉಳಿಯಿತು, ಅವರ ಕೃತ್ಯಕ್ಕೆ ದಿನಾಂಕವೂ ಕಾರಣವೂ ಇದ್ದವು. ಆದುದರಿಂದಲೇ ಕಾಲ ಬದಲಾದಾಗ ಆ ಕೃತ್ಯದ ಅರ್ಥವೂ ಬದಲಾಗುವುದು ಸಾಧ್ಯವಾಯಿತು, ಅಪರಾಧಿಗಳು ಹುತಾತ್ಮರಾದರು. ಕೃತ್ಯವೇ ದಾಖಲಾಗದ ಮನುಷ್ಯನಿಗೆ ಈ ಮರುವಿಚಾರಣೆಯ ಅವಕಾಶವಿಲ್ಲ.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಈ ಕಾಯ್ದೆಯ ಪ್ರತ್ಯಕ್ಷ ರೂಪ ಸೆಟ್ಲ್‌ಮೆಂಟು. ವಿಜಾಪುರ, ಹುಬ್ಬಳ್ಳಿ, ಗದಗ ಹಾಗೂ ನೆರೆಯ ಸೊಲ್ಲಾಪುರಗಳಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇವು ಬೆಳೆದವು. ತಂತಿಬೇಲಿಯೊಳಗೆ ಸಂಸಾರಗಳನ್ನು ಕೂಡಿಹಾಕಿ, ದುಡಿಯಬಲ್ಲವರನ್ನು ಗಿರಣಿಗಳಿಗೆ ಕಳಿಸಿ, ಮಕ್ಕಳಿಗೆ ಶಾಲೆ ತೆರೆದ ಈ ವ್ಯವಸ್ಥೆಯಲ್ಲಿ ಸುಧಾರಣೆಯೂ ಬಂಧನವೂ ಬೇರ್ಪಡಿಸಲಾಗದಂತೆ ಬೆರೆತಿವೆ. ಅದೇ ಸ್ಟಾರ್ಟನ ಅಧ್ಯಕ್ಷತೆಯ ದಲಿತ ಮತ್ತು ಆದಿವಾಸಿ ವರ್ಗಗಳ ಸಮಿತಿಯಲ್ಲಿ ಡಾ. ಅಂಬೇಡ್ಕರರು ಸದಸ್ಯರಾಗಿದ್ದರು, ಅದರ ವರದಿ 1930ರಲ್ಲಿ ಬಂದಿತು. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಆ ಬಡಾವಣೆಗಳಿಗೆ ಸೆಟ್ಲ್‌ಮೆಂಟ್ ಎಂದೇ ಹೆಸರು. ಮನೆಯ ವಿಳಾಸವೇ ವಹಿಯ ಮುಂದುವರಿಕೆಯಾಗಿರುವ ನಿದರ್ಶನವಿದು. ಮುಂಬಯಿ ಸರ್ಕಾರ 1949ರಲ್ಲಿಯೂ ಭಾರತ ಸರ್ಕಾರ 1952ರ ಆಗಸ್ಟ್ 31ರಂದೂ ಕಾಯ್ದೆಯನ್ನು ರದ್ದುಗೊಳಿಸಿದವು. ಆದರೆ ರೂಢಿಗತ ಅಪರಾಧಿಗಳ ಹೆಸರಿನಲ್ಲಿ ಮುಂಬಯಿಯಲ್ಲಿ 1959ರಲ್ಲಿ, ಮೈಸೂರಿನಲ್ಲಿ 1961ರಲ್ಲಿ ಬೇರೆ ಕಾಯ್ದೆಗಳು ಬಂದವು.

ಈ ಹಿನ್ನೆಲೆಯಲ್ಲಿ ಮರಾಠಿಯ ಆತ್ಮಕಥೆಗಳನ್ನು ಒಂದು ಬಗೆಯ ಕುಟುಂಬ ಚರಿತ್ರೆಯ ಸಂಶೋಧನೆಯಾಗಿಯೇ ಓದಬೇಕೆಂಬುದು ನಮ್ಮ ವಾದ. ಅವುಗಳನ್ನು ಬಡತನದ ದಾರುಣ ಚಿತ್ರಗಳೆಂದು ಮೆಚ್ಚುವ ವಿಮರ್ಶೆ ಅವುಗಳ ಶೋಧಕ ಗುಣವನ್ನು ಕಡೆಗಣಿಸಿದೆ. ಫಲಟಣದ ಕಡೆಯ ಕೈಕಾಡಿ ಕುಟುಂಬದ ಲಕ್ಷ್ಮಣ ಮಾನೆಯವರ 'ಉಪರಾ' 1980ರಲ್ಲಿ ಬಂದು ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಕೈಕಾಡಿಗಳು ಕೊರವ ವರ್ಗಕ್ಕೆ ಸೇರಿದವರು, ನಮ್ಮ ಕೊರಚ ಕೊರಮರ ಒಡಹುಟ್ಟಿದವರು. ಅವರ ಮನೆಮಾತು ದ್ರಾವಿಡ ನುಡಿ. ಕತ್ತೆಗಳ ಮೇಲೆ ಸಂಸಾರ ಹೇರಿಕೊಂಡು ಊರೂರು ತಿರುಗಿ ಬುಟ್ಟಿ ಹೆಣೆಯುವ ತಂದೆ ತಾಯಿಗಳನ್ನು ಮಾನೆಯವರು ಚಿತ್ರಿಸುವಾಗ ಕೆನೆಡಿಯ ಅಧ್ಯಾಯದಲ್ಲಿ ಕಾಣದ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ: ಅದು ಕೆಲಸ. ಕಡ್ಡಿ ಸೀಳುವುದು, ಹೆಣೆಯುವುದು, ಮಾರುವುದು, ಬೆಲೆಗೆ ಚೌಕಾಸಿ ಮಾಡುವುದು ಇವುಗಳಲ್ಲಿಯೇ ದಿನ ಕಳೆಯುವ ಮನುಷ್ಯನು ಪೊಲೀಸರ ಪುಸ್ತಕದಲ್ಲಿ ವೇಷಧಾರಿಯಾಗಿರುತ್ತಾನೆ, ಬುಟ್ಟಿ ಅವನ ನೆಪವಾಗಿರುತ್ತದೆ.

ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' 1987ರಲ್ಲಿ ಪ್ರಕಟವಾಗಿ 1988ರ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. ಇದು ಹೆಚ್ಚು ಕಠಿಣವಾದ ದಾರಿ ಹಿಡಿದ ಕೃತಿ. ಲಾತೂರಿನ ಬಳಿಯ ಧನೇಗಾವದಲ್ಲಿ ಹುಟ್ಟಿದ ಲೇಖಕರು ತಮಗೆ ಜನ್ಮದಿನಾಂಕವಾಗಲಿ ಸ್ವಂತ ಊರಾಗಲಿ ಇಲ್ಲವೆಂಬ ಮಾತಿನಿಂದಲೇ ಆರಂಭಿಸುತ್ತಾರೆ. ವಂಶಶೋಧಕನು ಮೊದಲು ಹುಡುಕುವ ಎರಡು ವಿವರಗಳೂ ಇವೇ. ಮನೆಯವರು ಕಳವು ಮಾಡುತ್ತಿದ್ದರೆಂಬುದನ್ನು ಅವರು ಮುಚ್ಚಿಡುವುದಿಲ್ಲ. ಕೈಚಳಕವನ್ನು ಕಲಿಸುವ ಬಗೆ, ಪೊಲೀಸರ ಏಟಿಗೆ ಮಕ್ಕಳನ್ನು ಹದಗೊಳಿಸುವ ಬಗೆ, ಕದ್ದುದರಲ್ಲಿ ಪೊಲೀಸರಿಗೆ ಸಲ್ಲುವ ಪಾಲು, ಎಲ್ಲವೂ ಬರುತ್ತವೆ. ಮಾಹಿತಿಯ ದೃಷ್ಟಿಯಿಂದ ನೋಡಿದರೆ ಕೆನೆಡಿಯ ಭಾಮ್ಟಾ ಅಧ್ಯಾಯಕ್ಕೂ ಇದಕ್ಕೂ ಹೆಚ್ಚು ಅಂತರ ಕಾಣದು, ಮತ್ತು ಈ ಸಾಮ್ಯ ಕೃತಿಗೆ ಒಂದು ಅಪಾಯವೂ ಹೌದು. ಜಾತಿಯೇ ಕಳ್ಳಜಾತಿ ಎಂದು ಮೊದಲೇ ನಂಬಿದ ಓದುಗನಿಗೆ ಇದು ತಪ್ಪೊಪ್ಪಿಗೆಯಾಗಿ ಕಾಣಬಹುದು. ಆದರೆ ಗಾಯಕವಾಡರ ವಾಕ್ಯಗಳಲ್ಲಿ ಕರ್ತೃ ಜಾತಿಯಲ್ಲ. ಅಜ್ಜ, ಅಣ್ಣ, ಅತ್ತಿಗೆ. ಯಾವ ಹಸಿವಿಗೆ ಯಾವ ಕಳವು ಎಂಬುದು ಅಲ್ಲಿ ಬಿಡಿಬಿಡಿಯಾಗಿ ತಿಳಿಯುತ್ತದೆ. ಓಲ್ಡ್ ಬೇಲಿಯ ವರದಿ ಇಂಗ್ಲಿಷ್ ಮೊಮ್ಮಗನಿಗೆ ಅನಾಯಾಸವಾಗಿ ಒದಗಿಸುವ ಕೃತ್ಯದ ವಿವರವನ್ನು ಈ ಮೊಮ್ಮಗ ತಾನೇ ಬರೆದುಕೊಳ್ಳಬೇಕಾಯಿತು. ಅಜ್ಜನನ್ನು ಅಪರಾಧಿಯಾಗಿ ಒಪ್ಪಿಕೊಳ್ಳುವುದರ ಮೂಲಕವೇ ಜಾತಿಯನ್ನು ಅಪರಾಧದಿಂದ ಬಿಡಿಸುವ ಈ ಕ್ರಮ ಅಭಿಮಾನದ ಚರಿತ್ರೆಗಳಿಗೆ ದಕ್ಕುವಂಥದಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದ ಕೃತಿ ಭೀಮರಾವ ಗಸ್ತಿಯವರ 'ಬೇರಡ'. ಇದೂ 1987ರದು. ಬೆಳಗಾವಿಯ ಸಮೀಪದ ಯಮನಾಪುರದಲ್ಲಿ ಹುಟ್ಟಿ, ವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡಿ, ದೇವದಾಸಿಯರ ಪುನರ್ವಸತಿಗೂ ತಮ್ಮ ಸಮುದಾಯದ ಸಂಘಟನೆಗೂ ಬಾಳನ್ನು ಕೊಟ್ಟ ಗಸ್ತಿಯವರು 2017ರಲ್ಲಿ ತೀರಿಕೊಂಡರು. ಊರಿನ ಸುತ್ತ ಎಲ್ಲಿ ಕಳವಾದರೂ ಬೇಡರ ಕೇರಿಗೆ ಪೊಲೀಸರು ನುಗ್ಗುವುದು, ಸಿಕ್ಕವರನ್ನು ಎಳೆದೊಯ್ದು ಬಡಿಯುವುದು ಈ ಪುಸ್ತಕದ ನಿತ್ಯದ ಅನುಭವ. ಕಾಯ್ದೆ ರದ್ದಾದ ಮೇಲೂ ವಹಿ ಪೊಲೀಸರ ನೆನಪಿನಲ್ಲಿ ತೆರೆದೇ ಇತ್ತು. ಕನ್ನಡ ನೆಲದ ಬೇಡನೊಬ್ಬ ಈ ಕಥೆಯನ್ನು ಮರಾಠಿಯಲ್ಲಿ ಏಕೆ ಬರೆದ ಎಂಬ ಪ್ರಶ್ನೆಗೆ ಗಡಿನಾಡಿನ ಶಿಕ್ಷಣ ಒಂದು ಉತ್ತರವಾದೀತು. ನಮಗೆ ತೋರುವ ಇನ್ನೊಂದು ಉತ್ತರ ಸ್ವಲ್ಪ ಇರಿಸುಮುರಿಸಿನದು. ದಯಾ ಪವಾರರ 'ಬಲುತ' 1978ರಲ್ಲಿ ಬಂದ ನಂತರ ಮರಾಠಿಯಲ್ಲಿ ಇಂಥ ಕಥನಕ್ಕೆ ಓದುಗರು ಸಿದ್ಧರಾಗಿದ್ದರು. ಕನ್ನಡದಲ್ಲಿ 'ಬೇಡ' ಎಂಬ ಹೆಸರು ಕಣ್ಣಪ್ಪನ ಭಕ್ತಿಯನ್ನೂ ಸುರಪುರ ಚಿತ್ರದುರ್ಗಗಳ ನಾಯಕರ ಶೌರ್ಯವನ್ನೂ ನೆನಪಿಗೆ ತರುವಷ್ಟು ಸುಲಭವಾಗಿ ಠಾಣೆಯ ಕತ್ತಲ ಕೋಣೆಯನ್ನು ನೆನಪಿಗೆ ತರುವುದಿಲ್ಲ. ವೀರಚರಿತ್ರೆ ಹೆಚ್ಚಾದಲ್ಲಿ ಏಟು ತಿಂದ ಅಪ್ಪನ ಚರಿತ್ರೆಗೆ ಜಾಗ ಕಡಿಮೆಯಾಗುತ್ತದೆ.

ಹಾಗೆಂದು ಕನ್ನಡದಲ್ಲಿ ಪರ್ಯಾಯ ದಾಖಲೆಯೇ ಇಲ್ಲವೆಂದಲ್ಲ. 1857ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ಮಣಿಯಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ಪ್ರಸಂಗದ ಲಾವಣಿಯನ್ನು, ಸಂಗೊಳ್ಳಿ ರಾಯಣ್ಣನ ಲಾವಣಿಯ ಜೊತೆಗೆ, 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿಯ ಪುಟಗಳಲ್ಲಿ ಮೊದಲುಗೊಂಡ ತನ್ನ ಕನ್ನಡ ಲಾವಣಿಗಳ ಮಾಲಿಕೆಯಲ್ಲಿ ಮುದ್ರಿಸಿದವನು ಜೆ. ಎಫ್. ಫ್ಲೀಟ್, ಅದೇ ಮುಂಬಯಿ ಇಲಾಖೆಯ ನಾಗರಿಕ ಸೇವೆಯ ಅಧಿಕಾರಿ. ಒಂದೇ ಸರ್ಕಾರದ ಒಬ್ಬ ನೌಕರ ಬೇಡರ ಲಾವಣಿಯನ್ನು ಸಂಗ್ರಹಿಸಿದ, ಇನ್ನೊಬ್ಬ ಸುಮಾರು ಎರಡು ದಶಕಗಳ ನಂತರ ಬೇರಡರ ಅಪರಾಧರೀತಿಯನ್ನು ಬರೆದ. ಹಲಗಲಿಯ ಲಾವಣಿಯನ್ನು ನಾವು ಈವರೆಗೆ ದೇಶಭಕ್ತಿಯ ಕಾವ್ಯವೆಂದು ಓದಿದ್ದೇವೆ. ಅದು ತಪ್ಪಲ್ಲ. ಆದರೆ ನ್ಯಾಯಾಲಯದ ವರದಿ ಮಾಡಬೇಕಾದ ಕೆಲಸವನ್ನೂ ಅದು ಮಾಡಿದೆ. ಸರ್ಕಾರದ ದೃಷ್ಟಿಯಲ್ಲಿ ಅಪರಾಧವಾದ ಕೃತ್ಯ ಯಾವುದು, ಅದರ ಕಾರಣವೇನು, ಎದುರಿಗಿದ್ದವರು ಯಾರು, ಸತ್ತವರು ಯಾರು ಎಂಬುದು ಅದರಲ್ಲಿದೆ. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಅದರ ಬಲದಿಂದ ಉಳಿದವು.

ಲಾವಣಿಗೂ ಮಿತಿಯಿದೆ. ಗಂಟು ಎತ್ತಿದವನ ಮೇಲೆ, ಹಾಜರಿ ತಪ್ಪಿಸಿ ಪಕ್ಕದೂರಿನ ಮದುವೆಗೆ ಹೋಗಿ ಸಿಕ್ಕಿಬಿದ್ದವನ ಮೇಲೆ ಯಾರೂ ಲಾವಣಿ ಕಟ್ಟುವುದಿಲ್ಲ. ವಹಿಯಲ್ಲಿದ್ದವರಲ್ಲಿ ಬಹುಪಾಲು ಇಂಥವರೇ. ಅವರ ಮೊಮ್ಮಕ್ಕಳು ಇಂದು ಬೇರೊಂದು ಕಾರಣಕ್ಕೆ ಅವರನ್ನು ಹುಡುಕಬೇಕಾಗಿ ಬಂದಿದೆ. ಮಹಾರಾಷ್ಟ್ರದಲ್ಲಿ ಬೇರಡ, ಕೈಕಾಡಿ, ರಾಮೋಶಿ, ಭಾಮ್ಟಾ ಮೊದಲಾದ 14 ಸಮುದಾಯಗಳು ವಿಮುಕ್ತ ಜಾತಿಗಳ ಪಟ್ಟಿಯಲ್ಲಿವೆ. ಜಾತಿ ಪ್ರಮಾಣಪತ್ರ ಬೇಡುವವನು ತನ್ನ ಹಿರಿಯರು 1961ರ ನವೆಂಬರ್ 21ಕ್ಕೆ ಆ ರಾಜ್ಯದ ನಿವಾಸಿಗಳಾಗಿದ್ದರೆಂದು ತೋರಿಸಬೇಕು, ಮತ್ತು ಕಾಗದ ಹಳೆಯದಾದಷ್ಟೂ ಅದಕ್ಕೆ ಪರಿಶೀಲನೆಯಲ್ಲಿ ತೂಕ ಹೆಚ್ಚು. ವಿದರ್ಭದ ಕೆಲವು ಜಿಲ್ಲೆಗಳ ಕೈಕಾಡಿ ಪರಿಶಿಷ್ಟ ಜಾತಿಯವನು, ಪುಣೆಯ ಕೈಕಾಡಿ ವಿಮುಕ್ತ ಜಾತಿಯವನು. ಬೇಡ ಎಂಬ ಹೆಸರು ಕರ್ನಾಟಕದಲ್ಲಿ 1991ರಿಂದ ಪರಿಶಿಷ್ಟ ಪಂಗಡದಲ್ಲಿದೆ. ಗಡಿಯಾಚೆ ಬೇರಡನು ಅದರ ಹೊರಗಿದ್ದಾನೆ. ಅಜ್ಜನು ಯಾವ ಪುಟದಿಂದ ತನ್ನ ಹೆಸರನ್ನು ತೆಗೆಸಿಕೊಳ್ಳಲು ಹೆಣಗಿದ್ದನೋ ಅಂಥ ಪುಟವೇ ಮೊಮ್ಮಗನಿಗೆ ಪುರಾವೆಯಾಗಬಲ್ಲದು. ಇಂಗ್ಲಿಷ್ ಕುಟುಂಬ ಚರಿತ್ರೆಯ ಹವ್ಯಾಸಿಗೆ ಇಂಥ ಹಂಗಿಲ್ಲ.

ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರ್ 3ರಂದು ನೀಡಿದ ತೀರ್ಪು ಕಾರಾಗೃಹಗಳ ಕೈಪಿಡಿಗಳಲ್ಲಿದ್ದ ಜಾತಿಯಾಧಾರಿತ ನಿಯಮಗಳನ್ನು ರದ್ದುಪಡಿಸುವಾಗ, ವಿಮುಕ್ತ ಸಮುದಾಯಗಳನ್ನು ರೂಢಿಗತ ಅಪರಾಧಿಗಳೊಂದಿಗೆ ಸಮೀಕರಿಸುವ ಪದ್ಧತಿಯನ್ನೂ ತಿರಸ್ಕರಿಸಿತು. ಅಂದರೆ 1871ರ ವ್ಯಾಕರಣ ನೂರೈವತ್ತು ವರ್ಷಗಳ ನಂತರವೂ ನಮ್ಮ ನಿಯಮಾವಳಿಗಳಲ್ಲಿ ಉಳಿದಿತ್ತು. ವಿಜಾಪುರ, ಹುಬ್ಬಳ್ಳಿ, ಗದಗಗಳ ಸೆಟ್ಲ್‌ಮೆಂಟುಗಳಲ್ಲಿ ಬೆಳೆದವರ ಮಕ್ಕಳು ಹೇಳುವ ಹಿರಿಯರ ಕಥೆಗಳನ್ನು ಕನ್ನಡದ ಅಧ್ಯಯನ ಪೀಠಗಳು ಬರೆದಿಟ್ಟುಕೊಳ್ಳುವುದಾದರೆ, ಅದನ್ನು ಜಾನಪದ ಸಂಗ್ರಹವೆಂದು ಕರೆಯದೆ ಕುಟುಂಬ ಚರಿತ್ರೆಯೆಂದೇ ಕರೆಯಬೇಕು. ಪ್ರತಿ ಕಥೆಯ ಜೊತೆಗೆ ಹೆಸರು, ಊರು, ಕಸುಬು, ಹಿಡಿಯಲ್ಪಟ್ಟ ವರ್ಷ, ಹೊರಿಸಿದ ಆರೋಪ ಇಷ್ಟನ್ನಾದರೂ ಕೇಳಿ ಬರೆಯುವುದು ಅವಶ್ಯ. ಕುರಿ ಕದ್ದವನ ಬಗ್ಗೆ ಓಲ್ಡ್ ಬೇಲಿಯ ಬರೆಹಗಾರನು ಕೇಳಿ ಬರೆದುಕೊಂಡದ್ದೂ ಇಷ್ಟೇ.